ಗ್ಯಾಸ್ ಫೈರ್‌ಪ್ಲೇಸ್ ವರ್ಷಾವರ್ಷ ಸರ್ವಿಸ್ ಮಾಡಿಸ್ತೀರಾ? ಅನುಭವ ಹೇಳಿ

ಮಿನಿಯಾಪೊಲಿಸ್: ಆಗಸ್ಟ್‌ನಲ್ಲಿ ಮನೆ ತಗೊಂಡ್ವಿ. ಹಾಲ್‌ನಲ್ಲಿ ಡೈರೆಕ್ಟ್ ವೆಂಟ್ (ಮುಂದೆ ಗಾಜು ಮುಚ್ಚಿರೋ, ಹೊರಗಿನ ಗಾಳಿ ಎಳ್ಕೊಂಡು ಹೊಗೆ ಹೊರಗೇ ಬಿಡೋ) ಗ್ಯಾಸ್ ಫೈರ್‌ಪ್ಲೇಸ್ ಇದೆ. ಹಳೇ ಓನರ್ ಯಾವ ರೆಕಾರ್ಡೂ ಕೊಟ್ಟಿಲ್ಲ. ಚೆಕ್ ಮಾಡಿ ಕ್ಲೀನ್ ಮಾಡೋಕೆ 189 ಡಾಲರ್ ಕೇಳ್ತಿದಾರೆ. ಪೈಲಟ್, ಅಂದ್ರೆ ದೊಡ್ಡ ಉರಿ ಹಚ್ಚೋ ಪುಟ್ಟ ಜ್ವಾಲೆ, ಉರೀತಾನೇ ಇದೆ. ಎರಡು ವರ್ಷದ ಮಗು ಇದೆ. ಮಾಡಿಸ್ಲೇಬೇಕಾ, ನಾವೇ ಮಾಡ್ಕೋಬಹುದಾ?

ಕ್ಯಾಲ್ಗರಿ: ಆರು ವರ್ಷ ಮಾಡಿಸ್ದೆ ಬಿಟ್ಟವನು ನಾನು. 2022ರ ಡಿಸೆಂಬರ್, ಹೊರಗೆ ಮೈನಸ್ 31. ಪೈಲಟ್ ಹತ್ತುತ್ತೆ, ನಾಬ್ ಬಿಟ್ಟ ತಕ್ಷಣ ಆರುತ್ತೆ. ಮೊದಲು ಬಂದವನು ಗ್ಯಾಸ್ ವಾಲ್ವ್ ಹೋಗಿದೆ ಅಂದ. 640 ಡಾಲರ್ ಕೊಟ್ಟು ಹಾಕಿಸ್ದೆ. ಮೂರನೇ ದಿನ ಮತ್ತೆ ಅದೇ ಪಾಡು. ಎರಡನೆಯವನು ಮೀಟರ್ ಹಿಡಿದು ನೋಡಿದ: 25 ಮಿಲಿವೋಲ್ಟ್ ಕೊಡಬೇಕಾದ ಥರ್ಮೋಕಪಲ್ (ಪೈಲಟ್ ಬಿಸಿಗೆ ಚೂರು ಕರೆಂಟ್ ಹುಟ್ಟಿಸಿ ವಾಲ್ವ್ ತೆರೆದಿಡೋ ಕಡ್ಡಿ) 6 ಕೊಡ್ತಿತ್ತು. ಪೈಲಟ್ ತೂತಿನಿಂದ ಸೂಜೀಲಿ ಏನೋ ತೆಗೆದು ನನ್ನ ಅಂಗೈಗೆ ಹಾಕಿದ. ಜೇಡರಬಲೆ, ಅಕ್ಕಿಕಾಳಿನಷ್ಟೂ ಇರ್ಲಿಲ್ಲ! ಜ್ವಾಲೆ ಸೊರಗಿ ಥರ್ಮೋಕಪಲ್ ತುದಿಗೆ ತಾಕ್ತಾನೇ ಇರ್ಲಿಲ್ಲ. ಅವನಿಗೆ 145. ಚೆನ್ನಾಗಿದ್ದ ಹಳೇ ವಾಲ್ವ್ ಇನ್ನೂ ಗ್ಯಾರೇಜ್‌ನಲ್ಲಿದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಡಲ್ಲಾಸ್: ನಾ ಅಂತೂ ಒಂದು ವರ್ಷಾನೂ ತಪ್ಪಿಸಂಗಿಲ್ಲ ನೋಡ್ರಿ. 2021ರ ಫೆಬ್ರವರಿ ಥಂಡಿಯೊಳಗ ನಮ್ಮ ಮನ್ಯಾಗ 38 ತಾಸು ಕರೆಂಟ್ ಇರಲಿಲ್ಲ. ಮನಿ ಬಿಸಿ ಮಾಡೋ ಫರ್ನೇಸ್ ಬಂದ್. ಇದೊಂದೇ ಉರೀತು, ಯಾಕಂದ್ರ ಇದರಾಗಿನ ಥರ್ಮೋಪೈಲ್ (ಥರ್ಮೋಕಪಲ್‌ಗಳ ಗುಂಪು) ಪೈಲಟ್ ಬಿಸಿಯಿಂದ ತನ್ನ ಕರೆಂಟ್ ತಾನ ಮಾಡ್ಕೋತದ. ಬಾಜೂ ಮನಿಯವ್ರೂ ಸೇರಿ ಒಂಬತ್ತು ಮಂದಿ ಹಾಲ್‌ನ್ಯಾಗ ಮಲಗಿದ್ವಿ. ಬ್ಯಾಸಿಗ್ಯಾಗೂ ಪೈಲಟ್ ಆರಿಸಬ್ಯಾಡ್ರಿ. ಆರಿಸಿದ್ರ ಜೇಡ ಹೊಕ್ಕೋತದ, ಕ್ಯಾಲ್ಗರಿಯವ್ರಿಗೆ ಆದಂಗ.

ಕ್ಯಾಲ್ಗರಿ: ನಾನು ಪೈಲಟ್ ಆರಿಸ್ತಿದ್ದೆ ಅಂತ ಎಲ್ಲಿ ಹೇಳ್ದೆ ಸ್ವಾಮಿ? ನೀವೇ ಕಲ್ಪಿಸ್ಕೋಬೇಡಿ.

ನ್ಯೂಜೆರ್ಸಿ: ಬೇಸಿಗೇಲಿ ಒಂದು ಕಡೆ ಪೈಲಟ್, ಇನ್ನೊಂದು ಕಡೆ ಎಸಿ, ಎರಡಕ್ಕೂ ಬಿಲ್ ಕಟ್ಟೋದು ಯಾವ ಲೆಕ್ಕ? ನಾನು ಏಪ್ರಿಲ್‌ನಲ್ಲಿ ಆರಿಸ್ತೀನಿ. ನಾವೇ ಮಾಡ್ಕೊಳ್ಳೋ ವಿಷಯಕ್ಕೆ ಬಂದ್ರೆ, ಕಿಟಕಿ ಒರೆಸೋ ಅಮೋನಿಯಾ ಸ್ಪ್ರೇ ಗಾಜಿಗೆ ಹಾಕಿ ಉರಿ ಹಚ್ಚಿದೆ. ಹಾಲು ಬಳಿದ ಹಾಗೆ ಬಿಳಿ ಪದರ ಕೂತು, ಹೋಗ್ಲೇ ಇಲ್ಲ. ಹೊಸ ಗಾಜು 410 ಡಾಲರ್. ಒಳಗೆ ಸೌದೆ ಥರ ಕಾಣೋಕೆ ಇಟ್ಟಿರೋ ಸೆರಾಮಿಕ್ ಕೊರಡುಗಳನ್ನ ತೆಗೆದು ಅಂದಾಜಿಗೆ ವಾಪಸ್ ಇಟ್ಟಿದ್ದೆ, ಜ್ವಾಲೆ ಅವಕ್ಕೆ ಬಡಿದು ಎರಡು ವಾರದಲ್ಲಿ ಹೊಸ ಗಾಜೂ ಮಸಿ. ಫೋಟೋ ತೆಗೆದುಕೊಳ್ಳದೆ ಕೊರಡು ಮುಟ್ಟಬೇಡಿ.

ಡಲ್ಲಾಸ್: ನಿಮ್ಮ ಕೈಯಾರೆ ಕೆಡಿಸ್ಕೊಂಡು ನಮಗ ಬಿಲ್ಲಿನ ಲೆಕ್ಕ ಹೇಳ್ತೀರೇನ್ರಿ?

ಕ್ಯಾಲ್ಗರಿ: ಮಗು ಇದೆ ಅಂದ್ರಲ್ಲ, ಅದನ್ನ ಯಾರೂ ನೋಡ್ಲಿಲ್ವಾ? ನನ್ನ ತಂಗಿ ಮಗ ಗಾಜಿಗೆ ಅಂಗೈ ಊರಿ ಹನ್ನೊಂದು ದಿನ ಬ್ಯಾಂಡೇಜ್ ಹಾಕ್ಕೊಂಡಿದ್ದ. ಅಮೆರಿಕದಲ್ಲಿ 2015ರಿಂದ ತಯಾರಾದವುಗಳಲ್ಲಿ ಗಾಜು 172 ಡಿಗ್ರಿ ಫ್ಯಾರನ್‌ಹೀಟ್ ದಾಟೋದಾದ್ರೆ ಜೊತೆಗೆ ಗಾಜು ಮುಟ್ಟದ ಹಾಗೆ ಮುಂದೆ ಹಾಕೋ ಜಾಲರಿ ಬರುತ್ತೆ. ನಿಮ್ಮದಕ್ಕಿದೆಯಾ?

ಮಿನಿಯಾಪೊಲಿಸ್: ಇಲ್ಲ. ಕೆಳಗಿನ ಪ್ಲೇಟಲ್ಲಿ 2009 ಅಂತಿದೆ.

ಕ್ಯಾಲ್ಗರಿ: ಮಾಡೆಲ್ ನಂಬರ್ ಕೊಟ್ಟು ಜಾಲರಿ ತರಿಸಿ. ಅಲ್ಲೀತನಕ ಪೈಲಟ್ ಕೂಡ ಆರಿಸಿಡಿ, ಬರೀ ಪೈಲಟ್‌ಗೂ ಗಾಜು ಬಿಸಿಯಾಗುತ್ತೆ. ಸರ್ವಿಸ್‌ಗೆ ಬರೋವನ ಕೈಲಿ ಮಿಲಿವೋಲ್ಟ್ ಅಳೆಸಿ, ಬರೆಸ್ಕೊಳ್ಳಿ.

ನ್ಯೂಜೆರ್ಸಿ: ಪೈಲಟ್ ಆರಿಸಿ ಅಂತ ನಾನೂ ಹೇಳಿದ್ದು ಅದನ್ನೇ. ಡಲ್ಲಾಸ್‌ನವರು ಓದ್ಕೊಳ್ಳಿ.