ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ, ಅಕ್ಕಾ

‘ಇಪ್ಪತ್ತು ವರ್ಷದಿಂದ ಕುಡಿಯುವ ಗಂಡ ಈಗ ಎಲ್ಲ ಮರೆಯುತ್ತಾರೆ, ನಡೆಯುವಾಗ ತೂರಾಡುತ್ತಾರೆ, ಬಾಯಿ ತುಂಬ ಸುಳ್ಳು’ ಎಂದು ಬರೆದಿದ್ದ ಸಹೋದರಿಗೆ ಓದುಗರ ಸ್ಪಂದನ.

ಅಕ್ಕಾ, ನಿಮ್ಮ ಪತ್ರ ಓದಿ ಅಳು ಬಂತು. ನಮ್ಮಪ್ಪನೂ ಹೀಗೇ ಇದ್ದರು. ದಿನವಿಡೀ ಜಗಲಿಯಲ್ಲಿ ಕೂತಿದ್ದವರು ‘ಬೆಳಿಗ್ಗೆ ತಿಪಟೂರಿಗೆ ಹೋಗಿ ಕೊಬ್ಬರಿ ಮಾರಿ ಬಂದೆ’ ಅನ್ನುತ್ತಿದ್ದರು. ಯಾರಿಗೆ ಮಾರಿದೆ, ಎಷ್ಟು ಸಿಕ್ಕಿತು, ಎಲ್ಲ ಹೇಳುತ್ತಿದ್ದರು. ‘ಯಾಕಪ್ಪ ಸುಳ್ಳು ಹೇಳ್ತೀಯ’ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಕೊನೆಗೆ ಡಾಕ್ಟರು ಬಿಡಿಸಿ ಹೇಳಿದರು. ಹೊಸದೇನೂ ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಖಾಲಿ ಜಾಗಕ್ಕೆ ಮೆದುಳೇ ಹಳೆಯ ನೆನಪಿನ ಚೂರುಗಳನ್ನು ತಂದು ತುಂಬುತ್ತದೆ. ಹೇಳುವವರಿಗೆ ಅದು ನಿಜವೇ. ರಷ್ಯಾದ ವೈದ್ಯ ಸೆರ್ಗೈ ಕೊರ್ಸಕಾಫ್ 1887ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ. ಕಾಯಿಲೆಗೆ ಅವರದೇ ಹೆಸರು.

ಮೂಲ ಬಿ1 ವಿಟಮಿನ್ ಕೊರತೆ. ಸಕ್ಕರೆಯಿಂದ ಶಕ್ತಿ ತೆಗೆಯಲು ಮೆದುಳಿಗೆ ಅದು ಬೇಕೇ ಬೇಕು. ಕುಡಿತ ಇದ್ದರೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಮೇಲಿಂದ ಊಟವೂ ಇಲ್ಲ. ‘ರಾತ್ರಿ ಬಡಿಸಿದ ತಟ್ಟೆ ಹಾಗೇ ಇರುತ್ತದೆ’ ಎಂದು ನೀವೇ ಬರೆದಿದ್ದೀರಲ್ವಾ? ನಾವು ಬೈಯುತ್ತಲೇ ಎರಡು ವರ್ಷ ಕಳೆದೆವು. ನೀವು ಕಳೆಯಬೇಡಿ.
– ಒಬ್ಬ ಮಗಳು, ಅರಸೀಕೆರೆ

ತಾಯಿ, ನಾನು ನಿವೃತ್ತ ನರ್ಸ್. ತೂರಾಟ, ಗೊಂದಲ, ಕಣ್ಣುಗುಡ್ಡೆ ಅತ್ತಿತ್ತ ಓಡುವುದು – ಇವುಗಳಲ್ಲಿ ಒಂದು ಕಂಡರೂ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿ1 ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಮೆದುಳು ಉಳಿಯುತ್ತದೆ. ‘ಸುಸ್ತು’ ಎಂದು ಸುಮ್ನೆ ಗ್ಲೂಕೋಸ್ ಡ್ರಿಪ್ ಹಾಕಿಸಿ ಬರಬೇಡಿ. ಕುಡಿತದ ವಿಷಯ ಮುಚ್ಚಿಡದೆ ಹೇಳಿ. ಬಿ1 ಕೊಡದೆ ಬರೀ ಗ್ಲೂಕೋಸ್ ಕೊಟ್ಟರೆ ಸ್ಥಿತಿ ಇನ್ನೂ ಕೆಡಬಹುದು.

ಇನ್ನೊಂದು ಮಾತು. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೇವೆ ಎಂದು ನಿಮ್ಮ ಮೈದುನ ಹೇಳಿದ್ದಾರೆ. ದಯವಿಟ್ಟು ಬೇಡ. ವರ್ಷಗಟ್ಟಲೆ ಮದ್ಯ ಮೆದುಳನ್ನು ಅದುಮಿ ಹಿಡಿದಿರುತ್ತದೆ. ಅದಕ್ಕೆ ಎದುರಾಗಿ ಮೆದುಳು ಒಳಗಿಂದ ಜಾಸ್ತಿ ಜೋರು ಹಾಕುತ್ತಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಜೋರಿಗೆ ತಡೆಯೇ ಇಲ್ಲ. ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಂಡು ಕಿರುಚಬಹುದು. ಜೀವಕ್ಕೇ ಅಪಾಯ. ಬಿಡಿಸುವುದು ಡಾಕ್ಟರ ಕಣ್ಣೆದುರೇ ಆಗಲಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ.
– ಶಿವಮೊಗ್ಗ

ನಾನು ಕುಡಿತ ಬಿಟ್ಟು ಎರಡು ವರ್ಷವಾಯಿತು. ಕಾಲು ಈಗ ಗಟ್ಟಿ. ನೆನಪು ಪೂರ್ತಿ ಮರಳಿಲ್ಲ, ಚೀಟಿ ಬರೆದು ಜೇಬಲ್ಲಿ ಇಟ್ಟುಕೊಳ್ಳುತ್ತೇನೆ. ಮೊದಲು ಫೋನ್ ಮಾಡಿದ್ದು ನಾನಲ್ಲ, ನನ್ನ ಹೆಂಡತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮವರು ಒಪ್ಪುವವರೆಗೆ ಕಾಯಬೇಡಿ, ನೀವೇ ಮಾಡಿ.
– ದಾವಣಗೆರೆ