ಅಬ್ಬಲಿಗೆ ಮತ್ತು ಗೋರಂಟೆ: ಹೆಸರುಫಲಕದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಶಾಲೆಯ ಕೈತೋಟಕ್ಕೆ ಹೆಸರುಫಲಕ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೇಲೆ ಗಿಡದ ಹೆಸರು, ಕೆಳಗೆ ಬಿಸಿಲು, ನೀರು, ಮಣ್ಣಿನ ಬಗ್ಗೆ ಎರಡು ಸಾಲು, ಅಷ್ಟೇ. ದಾಸವಾಳ, ತುಳಸಿ, ನಂದಿಬಟ್ಟಲುಗಳ ಫಲಕ ಬೇಗ ಮುಗಿಯಿತು. ಅಬ್ಬಲಿಗೆ ಮತ್ತು ಗೋರಂಟೆಗೆ ಬಂದಾಗ ಮಾತ್ರ ಬಲ್ಲವರನ್ನು ಕೇಳದೆ ಮುಂದುವರಿಯಬಾರದು ಅನ್ನಿಸಿತು. ಈ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಮಾತು ತುಳು ಅಥವಾ ಕೊಂಕಣಿ. ಘಟ್ಟದ ಮೇಲಿನಿಂದ ಬಂದು ನೆಲೆಸಿದವರ ಮಕ್ಕಳೂ ಇದ್ದಾರೆ. ಓದಿದ ಮಗು ಮನೆಗೆ ಹೋಗಿ ಹೇಳಿದರೆ ಮನೆಯವರಿಗೆ ಗಿಡ ಯಾವುದೆಂದು ತಿಳಿಯಬೇಕು.

ಮೊದಲು ಅಬ್ಬಲಿಗೆ. ಮೈಸೂರು, ಬೆಂಗಳೂರಿನ ಕಡೆ ಇದು ಕನಕಾಂಬರ. ಸಸ್ಯಶಾಸ್ತ್ರದಲ್ಲಿ ಕ್ರಾಸಾಂಡ್ರ ಇನ್ಫಂಡಿಬ್ಯುಲಿಫಾರ್ಮಿಸ್. ಚೌತಿ, ನವರಾತ್ರಿಯ ಹೊತ್ತಿಗೆ ಹಾಸನದ ಕಡೆಯ ಹೂವಿನವರು ಉಡುಪಿ, ಮಂಗಳೂರಿನ ಪೇಟೆಗೆ ಬಂದು ಕೂರುತ್ತಾರಲ್ಲ, ಆಗ ಒಂದೇ ಹೂವಿಗೆ ಎರಡೂ ಹೆಸರು ಪಕ್ಕಪಕ್ಕದ ಬುಟ್ಟಿಯಿಂದ ಕೇಳಿಸುತ್ತವೆ. ಕನಕಾಂಬರ ಎಂದರೆ ಹೊನ್ನಿನ ಬಟ್ಟೆ. ತಮಿಳಿನಲ್ಲೂ ತೆಲುಗಿನಲ್ಲೂ ಇದೇ ಹೆಸರಿದೆ. ಅಬ್ಬಲಿಗೆಯ ಬಂಧುತ್ವ ಇನ್ನೊಂದು ಕಡೆಗೆ. ಕೊಂಕಣಿ, ಮರಾಠಿಗಳಲ್ಲಿ ಇದು ಆಬೋಲಿ, ಮರಾಠಿಯಲ್ಲಂತೂ ಅದು ಒಂದು ಬಣ್ಣದ ಹೆಸರೂ ಹೌದು. ‘ಅ-ಬೋಲಿ, ಅಂದರೆ ಮಾತಾಡದ ಹೂ’ ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ಹೂವಿಗೆ ಪರಿಮಳವಿಲ್ಲದ ಕಾರಣ ಆ ಅರ್ಥ ಚಂದವಾಗಿ ಹೊಂದುತ್ತದೆ, ಆದರೆ ನನಗದು ಒಪ್ಪಿಗೆಯಾಗುವುದಿಲ್ಲ. ಮಲ್ಲಿಕಾ ಮಲ್ಲಿಗೆಯಾಯಿತು, ಚಂಪಕ ಸಂಪಿಗೆಯಾಯಿತು, ಸೇವಂತಿಕಾ ಸೇವಂತಿಗೆಯಾಯಿತು. ಹೂವಿನ ಹೆಸರಿಗೆ ‘ಇಗೆ’ ಎಂಬ ಕೊನೆ ಕನ್ನಡದಲ್ಲಿ ಹಳೆಯದು. ಅಬ್ಬಲಿಗೆ ಆ ಸಾಲಿನಲ್ಲಿ ಕೂತಿರುವಾಗ ಅದನ್ನು ಆಚೆಯ ಭಾಷೆಯ ‘ಬೋಲ್’ನಿಂದ ಬಿಡಿಸುವ ಮೊದಲು ಕನ್ನಡ, ತುಳುಗಳ ಒಳಗೇ ಹುಡುಕಬೇಕು.

ಗೋರಂಟೆಯ ವಿಷಯ ಇದಕ್ಕಿಂತ ಕಷ್ಟದ್ದು. ಇಲ್ಲಿ ಒಂದು ಹೂವಿಗೆ ಹಲವು ಹೆಸರು ಎನ್ನುವುದಷ್ಟೇ ಅಲ್ಲ, ಒಂದೇ ಹೆಸರಿಗೆ ಬೇರೆ ಬೇರೆ ಗಿಡಗಳಿವೆ. ನಮ್ಮ ಕಡೆ ಗೋರಂಟೆ, ಗೋರಟೆ ಎಂದರೆ ಬೇಲಿಯ ಉದ್ದಕ್ಕೂ ನೇರಳೆ, ಬಿಳಿ, ತಿಳಿಗುಲಾಬಿ ಬಣ್ಣದಲ್ಲಿ ಅರಳುವ ಬಾರ್ಲೇರಿಯ ಕ್ರಿಸ್ಟಾಟ. ಬೆಂಗಳೂರಿನ ಕಡೆಯವರು ಇದನ್ನು ಸ್ಫಟಿಕದ ಹೂ ಅನ್ನುತ್ತಾರೆ, ತಮಿಳರು ಡಿಸೆಂಬರ್ ಹೂ ಅನ್ನುತ್ತಾರೆ. ಹಳದಿ ಹೂವಿನ, ಎಲೆಯ ಬುಡದಲ್ಲಿ ಚೂಪು ಮುಳ್ಳಿರುವ ಗಿಡ ಮುಳ್ಳುಗೋರಂಟೆ, ಅದು ಬಾರ್ಲೇರಿಯ ಪ್ರಯೊನೈಟಿಸ್. ಹಲ್ಲುನೋವಿನ ಮದ್ದಿಗೆ ಹೆಸರಾಗಿ ವಜ್ರದಂತಿ ಎನಿಸಿಕೊಂಡದ್ದು ಇದೇ. ಘಟ್ಟದ ಮೇಲೆ ‘ಗೋರಂಟಿ’ ಎಂದರೆ ಇದ್ಯಾವುದೂ ಅಲ್ಲ, ಕೈಗೆ ಹಚ್ಚುವ ಮದರಂಗಿ. ಅದು ಬೇರೆಯೇ ಕುಲದ ಗಿಡ, ಲಾಸೋನಿಯ ಇನರ್ಮಿಸ್. ಮದುವೆಯ ಮುಂಚಿನ ಮದರಂಗಿಗೆ ‘ಗೋರಂಟಿ ಗೆಲ್ಲು ಇದ್ದರೆ ಕೊಡಿ’ ಎಂದು ತುಮಕೂರಿನವರು ಕೇಳಿದರೆ ಉಡುಪಿಯವರು ತೋರಿಸುವುದು ನೇರಳೆ ಹೂವಿನ ಬೇಲಿಯನ್ನು.

ಎ-ಕಾರ, ಇ-ಕಾರಗಳ ವ್ಯತ್ಯಾಸ ಸಾಕು, ಗೋರಂಟೆ ಎಂದರೆ ಹೂವಿನ ಗಿಡ, ಗೋರಂಟಿ ಎಂದರೆ ಮದರಂಗಿ ಎಂದು ಬರೆದರಾಯಿತು ಎನ್ನುವವರಿದ್ದಾರೆ. ಬರಹದಲ್ಲಿ ಅದು ನಿಲ್ಲಬಹುದು, ಆಡುಮಾತಿನಲ್ಲಿ ನಿಲ್ಲುವುದಿಲ್ಲ. ತೆಲುಗಿನಲ್ಲಿ ಗೋರು ಎಂದರೆ ಉಗುರು, ಹಾಗಾಗಿ ಉಗುರಿಗೆ ಬಣ್ಣ ಕೊಡುವ ಗಿಡ ಗೋರಿಂಟ ಎಂದರೆ ಸರಿಹೊಂದುತ್ತದೆ. ಆದರೆ ಅದೇ ತೆಲುಗಿನಲ್ಲಿ ಹಳದಿಯ ಮುಳ್ಳುಗಿಡವೂ ಮುಳ್ಳಗೋರಿಂಟವೇ! ಇತ್ತ ಸಂಸ್ಕೃತದಲ್ಲಿ ಕುರಂಟಕ ಎಂಬ ಪದವಿದೆ. ಅಮರಕೋಶ ಈ ಗಿಡಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತದೆ: ಕೆಂಪಾದರೆ ಕುರಬಕ, ಹಳದಿಯಾದರೆ ಕುರಂಟಕ. ನಮ್ಮ ಗೋರಂಟೆ ಈ ಕುರಂಟಕದ ಮಗ್ಗುಲಲ್ಲೇ ಇದೆ ಎಂದು ನನ್ನ ಅನಿಸಿಕೆ. ಹಾಗಾದರೆ ಮೊದಲು ಹಳದಿಗೆ ಇದ್ದ ಹೆಸರು ಆಮೇಲೆ ನೇರಳೆಗೂ ಬಿಳಿಗೂ ಹಬ್ಬಿರಬೇಕು. ‘ಮುಳ್ಳು’ ಎಂಬ ವಿಶೇಷಣವನ್ನು ಹಳದಿಯದಕ್ಕೆ ಸೇರಿಸುವ ಅಗತ್ಯ ಬಿದ್ದದ್ದೂ ಆ ಬಳಿಕವೇ ಇರಬೇಕು. ಇದರ ಬಗ್ಗೆ ಹಳಗನ್ನಡ ಓದಿಕೊಂಡವರು ಬರೆದರೆ ಬಹಳ ಉಪಕಾರ.

ಹೆಸರಿನ ಬಗ್ಗೆ ಇಷ್ಟು ಹಿಡಿದು ಕೂರಲು ಕಾರಣ ಫಲಕದ ಕೆಳಗಿನ ಎರಡು ಸಾಲು. ಅಬ್ಬಲಿಗೆ, ಗೋರಂಟೆ ಎರಡೂ ಆಡುಸೋಗೆಯ ಕುಟುಂಬದವು, ಅಕ್ಯಾಂತೇಸಿ. ಎರಡಕ್ಕೂ ಪರಿಮಳವಿಲ್ಲ, ಎರಡರ ಕಾಯಿಯೂ ಸಿಡಿದು ಬೀಜ ಹಾರಿಸುತ್ತದೆ. ಅಬ್ಬಲಿಗೆಯ ಒಣ ಕಾಯಿಗೆ ನೀರು ತಾಗಿದರೆ ಸಾಕು, ಟಪ್ಪೆಂದು ಒಡೆಯುತ್ತದೆ. ಮೊದಲ ಮಳೆಗೇ ಬೀಜ ಒದ್ದೆ ಮಣ್ಣಿಗೆ ಬೀಳಲಿ ಎಂಬ ಏರ್ಪಾಡು ಅದು, ಮಕ್ಕಳಿಗೆ ತೋರಿಸಲೇಬೇಕಾದದ್ದು. ಇಷ್ಟು ಹತ್ತಿರದ ನಂಟರಾದರೂ ಇವೆರಡನ್ನು ಒಂದೇ ಪಾತಿಯಲ್ಲಿ ಒಂದೇ ಆರೈಕೆಯಲ್ಲಿ ಬೆಳೆಸಲು ಆಗುವುದಿಲ್ಲ.

ಅಬ್ಬಲಿಗೆಗೆ ಅರೆನೆರಳು ಹಿತ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ತೆಂಗಿನ ನೆರಳು ಬರುವ ಜಾಗವಾದರೆ ಎಲೆ ಹಸಿರಾಗಿ ಹೊಳೆಯುತ್ತದೆ. ಏಪ್ರಿಲ್‌ನ ಇಡೀ ಬಿಸಿಲಿಗೆ ಬಿಟ್ಟರೆ ಎಲೆಯೂ ಹೂವೂ ಬಿಳಿಚುತ್ತವೆ. ಮಣ್ಣು ತೇವವಾಗಿರಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಮ್ಮಲ್ಲಿ ಆಟಿಯ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಗೆ ಅಬ್ಬಲಿಗೆ ಹೋಗುವುದು ಹೀಗೇ, ಬೇರು ಕೊಳೆತು. ಏರಿ ಮಾಡಿ, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ನೆಟ್ಟರೆ ಉಳಿಯುತ್ತದೆ. ಚಟ್ಟಿಯಲ್ಲಿದ್ದರೆ ಮಾಡಿನ ಅಡಿಗೆ ಸರಿಸಬಹುದು. ಬೇರುಗಂಟಿನ ಜಂತುಹುಳು ಇದಕ್ಕೆ ದೊಡ್ಡ ಶತ್ರು, ಅದಕ್ಕೆ ಬೇವಿನ ಹಿಂಡಿ ಹಾಕಿ ಪಕ್ಕದಲ್ಲಿ ಗೊಂಡೆಹೂ ಬೆಳೆಸುವುದು ಒಳ್ಳೆಯದು. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ದಿನ ಬಿಟ್ಟು ದಿನ ಕೊಯ್ಯಬಹುದು. ಬೇಗ ಬಾಡದ ಹೂ, ಹಾಗಾಗಿಯೇ ಮಲ್ಲಿಗೆಯ ಜೊತೆ ಬಾಳೆನಾರಿನಲ್ಲಿ ಕಟ್ಟಲು ಇಷ್ಟು ಬೇಡಿಕೆ. ನರ್ಸರಿಯವರು ‘ಡೆಲ್ಲಿ ಕನಕಾಂಬರ’ ಎಂದು ಮಾರುವ ಕಡುಬಣ್ಣದ್ದು ಬೀಜ ಕಟ್ಟುವುದಿಲ್ಲ, ಗೆಲ್ಲು ನೆಟ್ಟೇ ಬೆಳೆಸಬೇಕು. ಮಕ್ಕಳಿಗೆ ಕಾಯಿ ಸಿಡಿಯುವುದನ್ನು ತೋರಿಸಬೇಕಾದರೆ ಊರಿನ ಅಬ್ಬಲಿಗೆಯನ್ನೇ ನೆಡಬೇಕು.

ಗೋರಂಟೆಗೆ ಬಿಸಿಲು ಬೇಕು. ನೆರಳಲ್ಲಿ ಬದುಕುತ್ತದೆ, ಆದರೆ ಉದ್ದಕ್ಕೆ ಬೆಳೆದು ಹೂ ಕಡಿಮೆ ಬಿಡುತ್ತದೆ. ಬೇರೂರಿದ ಮೇಲೆ ಮುರಕಲ್ಲಿನ ಒರಟು ಮಣ್ಣೂ ಆದೀತು, ನಾಲ್ಕು ದಿನ ನೀರು ತಪ್ಪಿದರೂ ಆದೀತು. ಅಬ್ಬಲಿಗೆ ಹೆಚ್ಚುಕಡಿಮೆ ವರ್ಷವಿಡೀ ಹೂ ಕೊಡುತ್ತದೆ. ಇದರದು ಮಳೆ ಹಿಂದೆ ಸರಿದ ಮೇಲಿನ ಕೆಲವು ತಿಂಗಳು ಮಾತ್ರ, ಆಗ ಗಿಡವೆಲ್ಲ ಹೂ. ಹೂ ಮುಗಿದ ಕೂಡಲೇ ಗೆಲ್ಲು ಸವರಬೇಕು, ಹೊಸ ಚಿಗುರಿನ ತುದಿಯಲ್ಲೇ ಮುಂದಿನ ಹೂ ಬರುವುದು. ಕೊಯ್ದ ಹೂ ಬೇಗ ಬಾಡುತ್ತದೆ.

ಇನ್ನು ನನ್ನ ಪ್ರಶ್ನೆಗಳು. ಫಲಕದ ಮೇಲ್ಸಾಲಿನಲ್ಲಿ ‘ಅಬ್ಬಲಿಗೆ’ ಎಂದು ದೊಡ್ಡಕ್ಷರದಲ್ಲಿ, ‘ಕನಕಾಂಬರ, ಆಬೋಲಿ’ ಎಂದು ಸಣ್ಣಕ್ಷರದಲ್ಲಿ ಹಾಕುವ ಮನಸ್ಸಿದೆ. ಊರಿನ ಹೆಸರು ಮೊದಲು ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ‘ಅಬ್ಬೊಲಿಗೆ’ ಎಂದು ಒ-ಕಾರದಲ್ಲಿ ಹೇಳುವವರೂ ಇಲ್ಲಿ ಇದ್ದಾರೆ. ಕುಂದಾಪುರ, ಕಾರ್ಕಳ, ಪುತ್ತೂರುಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ? ಗೋರಂಟೆಯ ಫಲಕದಲ್ಲಿ ‘ಇದು ಮದರಂಗಿ ಅಲ್ಲ’ ಎಂದು ನೇರವಾಗಿ ಬರೆಯಬೇಕೆಂದಿದ್ದೇನೆ, ಅದಕ್ಕೆ ಆಕ್ಷೇಪವಿದ್ದರೆ ಹೇಳಿ. ನೇರಳೆ, ಬಿಳಿ ಬಣ್ಣದವುಗಳಿಗೆ ನಿಮ್ಮ ಮನೆಯಲ್ಲಿ ಪ್ರತ್ಯೇಕ ಹೆಸರಿದೆಯೇ, ಅಥವಾ ಬಣ್ಣ ಸೇರಿಸಿ ಹೇಳುವುದಷ್ಟೇ ರೂಢಿಯೇ? ಉತ್ತರಿಸುವವರು ದಯವಿಟ್ಟು ಊರು ಮತ್ತು ಮನೆಮಾತು ಯಾವುದೆಂದು ಬರೆಯಿರಿ, ಹೂವಿನ ಬಣ್ಣ, ಮುಳ್ಳು ಇದೆಯೋ ಇಲ್ಲವೋ ಎಂಬುದನ್ನೂ ತಿಳಿಸಿ. ಬರೇ ‘ನಮ್ಮಲ್ಲೂ ಗೋರಂಟೆ ಅನ್ನುತ್ತೇವೆ’ ಎಂದರೆ ಯಾವ ಗಿಡಕ್ಕೆಂದು ತಿಳಿಯುವುದಿಲ್ಲ.