ಕಳೆ ಕಟ್ಟರ್ ಬ್ಲೇಡಿನ ನಟ್ಟು ಬಿಚ್ಚಲು, ಬಿಗಿ ಮಾಡಲು ಮನೆಯಲ್ಲಿ ಯಾವ ಪಾನಾ ಇಟ್ಟುಕೊಳ್ಳಬೇಕು?

ಬೇಣದಮನೆ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ, ಜೊತೆಗೆ ಸ್ವಲ್ಪ ಬೇಣ (ಹುಲ್ಲು ಬೆಳೆಯುವ ಜಾಗ). ಹೆಗಲಿಗೆ ಹಾಕಿಕೊಳ್ಳುವ ಪೆಟ್ರೋಲ್ ಕಳೆ ಕಟ್ಟರ್ ಇದೆ, ಟೂ ಸ್ಟ್ರೋಕ್. ಕೊಯ್ಲಿಗೆ ಮುಂಚೆ ತೋಟ ಸವರಬೇಕು. ಮರದ ಬುಡದ ಹತ್ತಿರ ನೈಲಾನ್ ದಾರದ ತಲೆ ಹಾಕುತ್ತೇವೆ, ಧರೆ (ತೋಟದ ಅಂಚಿನ ಮಣ್ಣಿನ ದಿಬ್ಬ) ಮೇಲಿನ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಗಟ್ಟಿ ಕಳೆಗೆ ಕಬ್ಬಿಣದ ಬ್ಲೇಡೇ ಆಗಬೇಕು. ಹಾಗಾಗಿ ಪದೇ ಪದೇ ಬದಲಿಸುವ ಕೆಲಸ ಇದ್ದೇ ಇದೆ.

ತೊಂದರೆ ಇರುವುದು ಆ ಬ್ಲೇಡಿನ ನಟ್ಟಿನಲ್ಲಿ. ಮಷಿನ್ ಜೊತೆ ಕೊಟ್ಟ ಪಾನಾದ ಬಾಯಿ ಅಗಲವಾಗಿ ಹೋಗಿದೆ. ನಟ್ಟು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಪೇಟೆಗೆ ಒಯ್ದರೆ ಇಂಪ್ಯಾಕ್ಟ್ ಗನ್ (ಬಡಿದು ಬಡಿದು ನಟ್ಟು ತಿರುಗಿಸುವ ಮಷಿನ್) ಹಿಡಿದು ಒಂದೇ ನಿಮಿಷದಲ್ಲಿ ಬಿಚ್ಚಿಕೊಡುತ್ತಾರೆ, ಆದರೆ ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿಯುತ್ತದೆ, ಅಷ್ಟು ಹೊತ್ತು ಕೆಲಸಕ್ಕೆ ಬಂದ ಆಳು ಸುಮ್ನೆ ಕೂತಿರಬೇಕು. ಮನೆಯಲ್ಲೇ ಮಾಡಿಕೊಳ್ಳಲು ಏನೇನು ತೆಗೆದುಕೊಳ್ಳಲಿ? ಬ್ಯಾಟರಿ ಇಂಪ್ಯಾಕ್ಟ್ ಗನ್ ನಿಜವಾಗಿ ಬೇಕಾ? ವಾಪಸ್ ಹಾಕುವಾಗ ಎಷ್ಟು ಬಿಗಿ ಮಾಡಬೇಕು?

ಗ್ಯಾರೇಜಣ್ಣ:

ಮೊದಲು ಒಂದು ವಿಷಯ ಹೇಳಿ, ಯಾವ ಕಡೆ ತಿರುಗಿಸುತ್ತಿದ್ದೀರಿ? ಈ ನಟ್ಟು ಉಲ್ಟಾ ಥ್ರೆಡ್ಡು. ನಟ್ಟು ನಿಮ್ಮ ಮುಖಕ್ಕೆ ಬರುವ ಹಾಗೆ ಮಷಿನ್ ಮಲಗಿಸಿಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ ಆಗುತ್ತದೆ. ಎಡಕ್ಕೆ ತಿರುಗಿಸಿದರೆ ಬಿಗಿ. ನಮ್ಮ ಹತ್ತಿರ ಬರುವ ಮಷಿನ್‌ಗಳಲ್ಲಿ ಸುಮಾರು ನಟ್ಟುಗಳ ಮೂಲೆ ಸವೆದಿರುವುದು ಇದೊಂದೇ ಕಾರಣಕ್ಕೆ. ಗಟ್ಟಿಮುಟ್ಟಾದ ಆಳು ಇದ್ದಷ್ಟೂ ಹಾಳು ಜಾಸ್ತಿ.

ಯಾಕೆ ಉಲ್ಟಾ ಅಂದರೆ, ನಟ್ಟಿನ ಕಡೆಯಿಂದ ನೋಡಿದಾಗ ಬ್ಲೇಡು ಬಲಕ್ಕೆ ತಿರುಗುತ್ತದೆ. ಗಿಡಕ್ಕೋ ಕಲ್ಲಿಗೋ ತಾಗಿದಾಗ ಶಾಫ್ಟು ಮುಂದೆ ಹೋಗಲು ನೋಡುತ್ತದೆ, ಬ್ಲೇಡು ಹಿಂದೆ ಎಳೆಯುತ್ತದೆ. ಆ ಎಳೆತ ನಟ್ಟನ್ನು ಎಡಕ್ಕೆ ದೂಡುತ್ತದೆ. ಮಾಮೂಲಿ ಥ್ರೆಡ್ಡಾಗಿದ್ದರೆ ಕೆಲಸ ಮಾಡುತ್ತಿರುವಾಗಲೇ ಬಿಚ್ಚಿಕೊಂಡು ಬ್ಲೇಡು ಹಾರಿ ಹೋಗುತ್ತಿತ್ತು. ಉಲ್ಟಾ ಇರುವುದರಿಂದ ಕೆಲಸ ಮಾಡಿದಷ್ಟೂ ಬಿಗಿ ಆಗುತ್ತಾ ಹೋಗುತ್ತದೆ. ನೀವು ಕೈಯಲ್ಲಿ ಕೊಟ್ಟ ಬಿಗಿಗಿಂತ ಬಿಚ್ಚುವಾಗ ಬಿಗಿ ಹೆಚ್ಚಿರುವುದು ಅದಕ್ಕೇ.

ಇನ್ನು ಸಾಮಾನು. ಜಾಸ್ತಿ ಏನೂ ಬೇಡ.

ಆರು ಮೂಲೆಯ ಬಾಕ್ಸ್ ಇರುವ ಟಿ-ಪಾನಾ ಒಂದು ತಗೊಳ್ಳಿ. ಹನ್ನೆರಡು ಮೂಲೆಯ ರಿಂಗ್ ಪಾನಾ ಬೇಡ, ಸವೆದ ನಟ್ಟಿನ ಮೇಲೆ ಅದು ಜಾರುತ್ತದೆ. ನಟ್ಟು ಕೆಲವು ಮಷಿನ್‌ಗೆ 17 ಎಂಎಂ, ಕೆಲವಕ್ಕೆ 19, ಅಳೆದು ನೋಡಿ. ತಪಾರಿಯಾ ಕಂಪನಿಯ ತರಹದ್ದು ಸಾಕು, ಒಂದು ಆಳಿನ ಒಂದು ದಿನದ ಕೂಲಿಗಿಂತ ಕಡಿಮೆಗೆ ಸಿಗುತ್ತದೆ. ಮನೆಯಲ್ಲಿ ಅರ್ಧ ಇಂಚಿನ (ಹಿಡಿ ಸಿಕ್ಕಿಸುವ ತೂತಿನ ಅಳತೆ) ಸಾಕೆಟ್ ಸೆಟ್ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಉದ್ದ ಹಿಡಿಯ ಬ್ರೇಕರ್ ಬಾರ್ ಒಂದು ಸೇರಿಸಿ. ರ‍್ಯಾಚೆಟ್ (ಕಟಕಟ ಅನ್ನುತ್ತಾ ಒಂದೇ ಕಡೆ ತಿರುಗಿಸುವ ಹಿಡಿ) ಹಾಕಿ ಬಲ ಬಿಡಬೇಡಿ, ಅದರೊಳಗಿನ ಹಲ್ಲು ಮುರಿಯುತ್ತದೆ.

ಎರಡನೆಯದು ತಡೆಯುವ ಪಿನ್ನು. ಬ್ಲೇಡಿನ ಮೇಲಿರುವ ಗೇರ್ ಡಬ್ಬಿಯ, ಅಂದರೆ ಗೇರ್ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಹುಲ್ಲು, ಮಣ್ಣು ಮೆತ್ತಿಕೊಂಡು ಎಷ್ಟೋ ಜನಕ್ಕೆ ಅದು ಕಾಣುವುದೇ ಇಲ್ಲ. ಕೆರೆದು ತೆಗೆಯಿರಿ. ಬ್ಲೇಡಿನ ಮೇಲಿರುವ ತಟ್ಟೆಯಲ್ಲೂ ಒಂದು ಕಚ್ಚು ಇರುತ್ತದೆ. ಬ್ಲೇಡನ್ನು ಮೆಲ್ಲಗೆ ತಿರುಗಿಸುತ್ತಾ ಪಿನ್ನು ಒತ್ತಿದರೆ ಒಂದು ಕಡೆ ಟಕ್ ಅಂತ ಒಳಗೆ ಇಳಿಯುತ್ತದೆ, ಅಲ್ಲಿಗೆ ಶಾಫ್ಟು ತಿರುಗುವುದಿಲ್ಲ. ಕಂಪನಿ ಪಿನ್ನು ಕಳೆದು ಹೋಗಿದ್ದರೆ ತೂತಿಗೆ ಸರಿಯಾಗಿ ಕೂರುವ ಅಲೆನ್ ಕೀ (ಎಲ್ ಆಕಾರದ ಆರು ಮೂಲೆಯ ಕಂಬಿ) ಹಾಕಿ, 4 ಎಂಎಂ ಹೆಚ್ಚಿನವಕ್ಕೆ ಕೂರುತ್ತದೆ. ಸ್ಕ್ರೂಡ್ರೈವರ್, ಮೊಳೆ ಹಾಕಬೇಡಿ. ಮೊಳೆ ಬಗ್ಗುತ್ತದೆ, ಆಮೇಲೆ ಹೊರಗೆ ಬರುವುದಿಲ್ಲ.

ಸಾಗರದವ:

ಗ್ಯಾರೇಜಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾನಾ ಹಿಡಿಯುವ ಮುಂಚೆ ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಟ್ಯಾಂಕಿನ ಮುಚ್ಚಳ ಬಿಗಿ ಇದೆಯಾ ನೋಡಿ, ಮಷಿನ್ ಅಡಿಮೇಲಾಗಿ ಮಲಗಿಸಿದಾಗ ಪೆಟ್ರೋಲ್ ಸೋರುತ್ತದೆ.

ಕೈಗೆ ದಪ್ಪ ಚರ್ಮದ ಗ್ಲೌಸ್ ಇರಲಿ. ನಟ್ಟು ಒಮ್ಮೆಲೇ ಬಿಟ್ಟುಕೊಂಡಾಗ ಮುಷ್ಟಿ ನೇರ ಹೋಗಿ ಬಡಿಯುವುದು ಬ್ಲೇಡಿಗೇ. ನಮ್ಮಲ್ಲಿ ಬ್ಲೇಡಿನ ಅಂಚಿಗೆ ಹಳೇ ಸೈಕಲ್ ಟೈರಿನ ತುಂಡು ಸೀಳಿ ಸಿಕ್ಕಿಸುತ್ತೇವೆ.

ನಾಚಿಕೆ ಮುಳ್ಳು, ಉದ್ದ ಹುಲ್ಲು ಹೊಡೆದಾಗ ನಾರು ತಟ್ಟೆಯ ಸಂದಿಗೆ ಸುತ್ತಿಕೊಳ್ಳುತ್ತದೆ ಅಲ್ವಾ, ಅದನ್ನೂ ಚಾಕುವಿನಲ್ಲಿ ಕೊಯ್ದು ತೆಗೆದರೆ ಅರ್ಧ ಬಿಗಿ ಕಡಿಮೆಯಾದ ಹಾಗೆ ಅನಿಸುತ್ತದೆ. ನಟ್ಟಿಗೆ ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಹೊಡೆದಿಡಿ. ಇಲ್ಲದಿದ್ದರೆ ನಾಲ್ಕು ಹನಿ ಡೀಸೆಲ್ ಬಿಟ್ಟರೂ ನಡೆಯುತ್ತದೆ.

ಬೇಣದಮನೆ:

ಉಲ್ಟಾ ಅನ್ನುವುದು ಗೊತ್ತಿತ್ತು ಅಣ್ಣ, ಬಲಕ್ಕೇ ತಿರುಗಿಸಿದ್ದು. ಪಿನ್ನಿನ ಬದಲು ಬ್ಲೇಡಿಗೆ ಮರದ ತುಂಡು ಕೊಟ್ಟು ಹಿಡಿಯುತ್ತಿದ್ದೆವು. ಆ ತೂತು ಈಗ ಹುಡುಕಿದೆ, ಸಿಕ್ಕಿತು. ಆದರೆ ನಟ್ಟಿನ ಮೂಲೆಗಳು ಆಗಲೇ ಉರುಟಾಗಿವೆ, ಪಾನಾ ಕಚ್ಚುವುದೇ ಇಲ್ಲ.

ಇನ್ನೊಂದು ವಿಚಿತ್ರ ಇದೆ. ಹೋದ ಸಲ ಪೇಟೆಯಿಂದ ಹೊಸ ಮೂರು ಎಲೆಯ ಬ್ಲೇಡು ತಂದಿದ್ದೆವು. ಅದನ್ನು ಹಾಕಿದಾಗ ಕೈ ಮರಗಟ್ಟುವಷ್ಟು ಮಷಿನ್ ನಡುಗುತ್ತಿತ್ತು, ಎಷ್ಟು ಬಿಗಿ ಮಾಡಿದರೂ ಸ್ವಲ್ಪ ಹೊತ್ತಿಗೆ ಸಡಿಲ. ಹಳೆ ಬ್ಲೇಡು ಹಾಕಿದರೆ ಬಿಚ್ಚಲಿಕ್ಕೇ ಬರುವುದಿಲ್ಲ. ಇದೆಂಥ ಮರ್ಮ?

ಗ್ಯಾರೇಜಣ್ಣ:

ಹೊಸ ಬ್ಲೇಡಿನ ನಡುವಿನ ತೂತು ಅಳೆಯಿರಿ. ಪೇಟೆಯಲ್ಲಿ ಸಿಗುವ ಬ್ಲೇಡುಗಳಲ್ಲಿ ಮುಖ್ಯವಾಗಿ ಎರಡು ಅಳತೆ, 25.4 ಎಂಎಂ, ಅಂದರೆ ಒಂದು ಇಂಚು, ಇನ್ನೊಂದು 20 ಎಂಎಂ. ಮೇಲಿನ ತಟ್ಟೆಯ ನಡುವೆ ಉಬ್ಬಿದ ಒಂದು ಬಿಲ್ಲೆ ಇರುತ್ತದೆ, ಬ್ಲೇಡಿನ ತೂತು ಸರಿಯಾಗಿ ಅದರ ಮೇಲೆ ಕೂರಬೇಕು. ನಿಮ್ಮ ಬಿಲ್ಲೆ 20 ಇದ್ದು ಬ್ಲೇಡಿನ ತೂತು 25.4 ಇದ್ದರೆ ಬ್ಲೇಡು ನಡುವಿಗೆ ಕೂರದೆ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ನಡುಗಿಯೇ ನಡುಗುತ್ತದೆ, ನಟ್ಟು ಬಿಡುತ್ತದೆ. ಅದನ್ನು ಮತ್ತೆ ಹಾಕಲೇಬೇಡಿ, ಆ ಬ್ಲೇಡು ಹಾರಿದರೆ ಯಾರ ಕಾಲಿಗೆ ಬೀಳುತ್ತದೋ ಹೇಳಲಿಕ್ಕಾಗುವುದಿಲ್ಲ.

ಬಿಗಿ ಮಾಡುವಾಗ ಸಾಲು ಹೀಗೆ: ಮೇಲಿನ ತಟ್ಟೆ, ಬ್ಲೇಡು, ಕೆಳಗಿನ ತಟ್ಟೆ, ನೆಲಕ್ಕೆ ಉಜ್ಜುವ ಬಟ್ಟಲು, ಕೊನೆಗೆ ನಟ್ಟು. ನಟ್ಟು ಕೈಯಲ್ಲೇ ಕೊನೆವರೆಗೆ ಹಾಕಿ, ಬ್ಲೇಡನ್ನು ಅಲ್ಲಾಡಿಸಿ ನೋಡಿ. ಆಟ ಇಲ್ಲ ಅಂತ ಆದ ಮೇಲೆ ಪಿನ್ನು ಹಾಕಿ ಟಿ-ಪಾನಾದಲ್ಲಿ ಎರಡೂ ಕೈಯಿಂದ ಗಟ್ಟಿಯಾಗಿ ಒಂದು ಸಲ ತಿರುಗಿಸಿ. ಅಷ್ಟೇ. ಮೇಲೆ ಪೈಪು ಸಿಕ್ಕಿಸಿ ಜೋತು ಬೀಳುವುದು ಬೇಡ, ಮಿಕ್ಕಿದ್ದನ್ನು ಕೆಲಸವೇ ಮಾಡಿಕೊಳ್ಳುತ್ತದೆ. ಪಿನ್ನು ತೆಗೆದು, ಬ್ಲೇಡು ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಪಿನ್ನು ಒಳಗಿರುವಾಗ ಸ್ಟಾರ್ಟ್ ಮಾಡಿ ರೇಸ್ ಮಾಡಿದರೆ ಗೇರ್ ಹೆಡ್ಡಿನ ಅಲ್ಯೂಮಿನಿಯಂ ಒಡೆದರೂ ಒಡೆಯಬಹುದು.

ಉರುಟಾದ ನಟ್ಟಿಗೆ ಎರಡು ದಾರಿ. ಒಂದು, ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ ಬಿಚ್ಚುವುದು, ಮೆತ್ತಗೆ ಬಡಿಯಿರಿ, ಕೆಳಗೆ ಇರುವುದು ಬೇರಿಂಗು. ಅದೂ ಆಗದಿದ್ದರೆ ಗ್ರೈಂಡರಿನಲ್ಲಿ ನಟ್ಟಿನ ಒಂದು ಮುಖ ಥ್ರೆಡ್ಡಿಗೆ ತಾಗದ ಹಾಗೆ ತೆಳ್ಳಗೆ ಕೊಯ್ದು ಉಳಿ ಇಟ್ಟು ಒಂದು ಏಟು. ಕಣ್ಣಿಗೆ ಕನ್ನಡಕ ಇರಲೇಬೇಕು, ಪೆಟ್ರೋಲ್ ಟ್ಯಾಂಕು ಖಾಲಿ ಇರಬೇಕು. ಕೈ ಪಳಗಿಲ್ಲದಿದ್ದರೆ ಇದೊಂದು ಸಲ ಪೇಟೆಗೇ ಒಯ್ಯಿರಿ. ನಟ್ಟು ಹೋದರೆ ಹೊಸದು ಸಿಗುತ್ತದೆ, ಶಾಫ್ಟಿನ ಥ್ರೆಡ್ಡು ಹೋದರೆ ಖರ್ಚು ಬೇರೆಯೇ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಬಿಚ್ಚಿ ಅನ್ನುವವರ ಮಾತು ಕೇಳಬೇಡಿ, ಒಳಗೆ ಗ್ರೀಸು, ಸೀಲು ಎಲ್ಲಾ ಇದೆ.

ಆಸ್ಟಿನ್‌ನಿಂದ:

ನಾನು ಟೆಕ್ಸಾಸಿನಲ್ಲಿದ್ದೇನೆ, ಊರು ಸಿರ್ಸಿ ಹತ್ತಿರ. ಇಲ್ಲಿ ತಳ್ಳಿಕೊಂಡು ಹೋಗುವ ಲಾನ್ ಮೂವರ್. ಹುಲ್ಲು ಸ್ವಲ್ಪ ಎತ್ತರ ಬೆಳೆದರೆ ಕಾಲೋನಿ ಸಂಘದಿಂದ ನೋಟೀಸು ಬರುತ್ತದೆ, ಹಾಗಾಗಿ ಕಲಿಯಲೇಬೇಕಾಯಿತು. ಊರಿಗೆ ಬಂದಾಗ ಅಪ್ಪನ ಕಟ್ಟರ್ ಹಿಡಿದರೆ ತಲೆ ಗೊಂದಲ ಆಗುತ್ತದೆ, ಯಾಕೆಂದರೆ ನನ್ನ ಮೂವರಿನ ಬೋಲ್ಟು ಮಾಮೂಲಿ ಥ್ರೆಡ್ಡು, ಎಡಕ್ಕೆ ತಿರುಗಿಸಿದರೆ ಸಡಿಲ. ಗ್ಯಾರೇಜಣ್ಣನ ವಿವರಣೆ ಓದಿದ ಮೇಲೆ ಅರ್ಥ ಆಯ್ತು, ಇಲ್ಲಿ ಬ್ಲೇಡು ತಿರುಗುವ ದಿಕ್ಕೇ ಬೇರೆ.

ಬೆಂಗಳೂರು, ಮೈಸೂರಿನಲ್ಲಿ ಲಾನ್ ಇಟ್ಟವರಿಗೆ ಉಪಯೋಗ ಆಗಬಹುದು ಅಂತ ಹೇಳುತ್ತೇನೆ. ಮೂವರ್ ವಾಲಿಸುವಾಗ ಕಾರ್ಬೊರೇಟರ್, ಏರ್ ಫಿಲ್ಟರ್ ಇರುವ ಪಕ್ಕ ಮೇಲೆ ಬರಬೇಕು, ಇಲ್ಲವಾದರೆ ಎಣ್ಣೆ ಇಳಿದು ಫಿಲ್ಟರ್ ನೆನೆಯುತ್ತದೆ. ಇದರಲ್ಲಿ ಪಿನ್ನಿನ ತೂತು ಇರುವುದಿಲ್ಲ, ಬ್ಲೇಡಿಗೂ ಡೆಕ್ಕಿನ (ಬ್ಲೇಡನ್ನು ಮುಚ್ಚಿರುವ ಕವಚ) ಅಂಚಿಗೂ ನಡುವೆ ದಪ್ಪ ಮರದ ತುಂಡು ಕೊಟ್ಟು ತಡೆಯಬೇಕು. ನನ್ನದಕ್ಕೆ 5/8 ಇಂಚಿನ ಸಾಕೆಟ್. ಬಿಗಿ ಮಾಡಲು ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಇಟ್ಟುಕೊಂಡಿದ್ದೇನೆ, ಪುಸ್ತಕದಲ್ಲಿ 40 ಅಡಿ-ಪೌಂಡ್ ಅಂತ ಇದೆ, ಅಂದರೆ ಸುಮಾರು 54 ನ್ಯೂಟನ್ ಮೀಟರ್. ಬೇರೆ ಬೇರೆ ಮಷಿನ್‌ಗೆ ಬೇರೆ ಲೆಕ್ಕ, ನಿಮ್ಮ ಪುಸ್ತಕ ನೋಡಿ. ಬ್ಲೇಡಿನ ತುದಿಯಲ್ಲಿ ಮಡಚಿದ ರೆಕ್ಕೆ ಇದೆಯಲ್ಲ, ಅದು ಡೆಕ್ಕಿನ ಕಡೆ ಮೇಲಕ್ಕೆ ಇರಬೇಕು. ಸಾಣೆ ಹಿಡಿದ ಮೇಲೆ ಗೋಡೆಯ ಮೊಳೆಗೆ ನಡು ತೂತಿನಲ್ಲಿ ತೂಗುಹಾಕಿ ನೋಡಿ, ಒಂದು ಪಕ್ಕ ಇಳಿದರೆ ಆ ಪಕ್ಕವನ್ನು ಇನ್ನಷ್ಟು ಉಜ್ಜಬೇಕು.

ಇಂಪ್ಯಾಕ್ಟ್ ಗನ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ತಗೊಳ್ಳಿ, ಬೊಲೆರೋ ಟೈರು ಬಿಚ್ಚಲೂ ಬರುತ್ತದೆ.

ಗ್ಯಾರೇಜಣ್ಣ:

ಬಿಚ್ಚಲು ಗನ್ನು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಬಿಗಿ ಮಾಡಲು ಮಾತ್ರ ಹಿಡಿಯಬೇಡಿ. ಪೇಟೆಯಲ್ಲಿ ಗನ್ನಿನಲ್ಲೇ ಬಿಗಿ ಮಾಡಿ ಕಳಿಸಿದ್ದರೆ ಮನೆಯಲ್ಲಿ ಬಿಚ್ಚಲಿಕ್ಕೆ ಬರದೇ ಇರುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ಒಂದು ಕಟ್ಟರ್‌ಗೋಸ್ಕರ ಅಷ್ಟು ದುಡ್ಡು ಹಾಕುವುದು ದಂಡ. ಟಿ-ಪಾನಾ, ಅಲೆನ್ ಕೀ, ಎರಡು ಹೆಚ್ಚುವರಿ ನಟ್ಟು, ಇಷ್ಟು ಒಂದು ಚೀಲದಲ್ಲಿ ಹಾಕಿ ಮಷಿನ್ ಜೊತೆಗೇ ಇಡಿ.

ಸಾಗರದವ:

ನಟ್ಟು ತರಲು ಹೋಗುವಾಗ ಹಳೆಯದನ್ನು ಕಿಸೆಯಲ್ಲಿ ಹಾಕಿಕೊಂಡೇ ಹೋಗಿ ಮಾರಾಯ್ರೆ. ಬಾಯಲ್ಲಿ ಹೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಮೂಲಿ ಥ್ರೆಡ್ಡಿನ ನಟ್ಟು ಕೊಟ್ಟು ಕಳಿಸುತ್ತಾರೆ. ಮಷಿನ್ ಬಿಡಿಭಾಗ ಮಾರುವವರ ಹತ್ತಿರವೇ ಕೇಳಿ. ಒಳಗೆ ನೈಲಾನ್ ಬಳೆ ಇರುವ ನಟ್ಟಾದರೆ, ಬರೀ ಕೈಯಲ್ಲೇ ಸಲೀಸಾಗಿ ತಿರುಗಲು ಶುರುವಾದ ದಿನ ಅದನ್ನು ಎಸೆದುಬಿಡಿ.

ಬೇಣದಮನೆ:

ಬ್ಲೇಡಿನ ತೂತು ಅಳೆದೆ, 25.4. ತಟ್ಟೆಯ ಬಿಲ್ಲೆ 20. ನಾಳೆ ಅಂಗಡಿಗೆ ಹೋಗಿ ಬದಲಿಸಿ ಕೊಡಿ ಅಂತ ಕೇಳುತ್ತೇನೆ, ಕೊಡುತ್ತಾರೋ ಇಲ್ಲವೋ ನೋಡಬೇಕು.